ಹದಿನಾಲ್ಕನೇ ಪ್ರಶ್ನೆ

ಆ ಫಾರಂನಲ್ಲಿ ಒಟ್ಟು 32 ಪ್ರಶ್ನೆಗಳಿದ್ದವು. ಮೊದಲ ಹದಿಮೂರು ಸಲೀಸು. ಮನೆಯಲ್ಲಿ ಎಷ್ಟು ಜನ, ಯಾರು ದುಡಿಯುತ್ತಾರೆ, ಬಾವಿ ಉಂಟಾ, ಮುಂಬಯಿಯಲ್ಲಿ ಯಾರಿದ್ದಾರೆ, ಗಲ್ಫಿನಲ್ಲಿ ಯಾರಿದ್ದಾರೆ. ಹದಿನಾಲ್ಕನೆಯದು ಹೀಗಿತ್ತು: ನೀವು ದೈವಗಳನ್ನು ನಂಬುತ್ತೀರಾ? ಹೌದು, ಇಲ್ಲ, ಸ್ವಲ್ಪ ಮಟ್ಟಿಗೆ. ಮೂರು ಚೌಕ. ಒಂದಕ್ಕೆ ರೈಟ್ ಹಾಕಬೇಕು. ದೈವ ಅಂದರೆ ನಮ್ಮ ತುಳುನಾಡಿನಲ್ಲಿ ಮನೆ, ಊರು ಕಾಯುವ ಶಕ್ತಿ, ಹಿಂದಿನವರ ಬಾಯಲ್ಲಿ ಭೂತ.

ನಾನು ಆಗಷ್ಟೇ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಕೆಲಸ ಇರಲಿಲ್ಲ. ಒಂದು ಸಂಸ್ಥೆಯವರು ಸರ್ವೆಗೆ ಜನ ಬೇಕು ಅಂದರು. ಭರ್ತಿ ಮಾಡಿದ ಫಾರಂ ಒಂದಕ್ಕೆ ಇಷ್ಟು ಅಂತ ದುಡ್ಡು. ಉಡುಪಿಯಿಂದ ದಕ್ಷಿಣಕ್ಕೆ, ಉದ್ಯಾವರ ಹೊಳೆ ದಾಟಿದ ಮೇಲಿನ ಊರುಗಳು ನನ್ನ ಪಾಲಿಗೆ ಬಂದವು. ಬೆಳಿಗ್ಗೆ ಸರ್ವಿಸ್ ಬಸ್ಸು ಹಿಡಿಯುವುದು, ಗದ್ದೆ ಹುಣಿಯ ಮೇಲೆ ನಡೆಯುವುದು, ನಾಯಿ ಬೊಗಳಿದರೆ ಅಂಗಳದ ಆಚೆಯೇ ನಿಂತು ಕೂಗುವುದು.

ಆ ಮನೆಯ ಜಗಲಿಯಲ್ಲಿ ಒಬ್ಬರು ಅಜ್ಜಿ ಹಿಡಿಸೂಡಿಗೆ ಕಡ್ಡಿ ಸೀಳುತ್ತಾ ಕೂತಿದ್ದರು. ಹದಿನಾಲ್ಕನೇ ಪ್ರಶ್ನೆ ಓದಿದೆ. ಅವರು ತಲೆ ಎತ್ತಿ ನೋಡಿದರು. ಕನ್ನಡ ಅರ್ಥ ಆಗಲಿಲ್ಲವೇನೋ ಅಂತ ತುಳುವಿನಲ್ಲಿ ಇನ್ನೊಮ್ಮೆ ಕೇಳಿದೆ.

"ನಂಬುವುದು ಅಂದರೆ ಎಂತ ಮಗಾ? ನಂಬೊಂದು ಬತ್ತಿನ ಸತ್ಯೊಲು" ಅಂದರು. ನಾವು ನಂಬಿಕೊಂಡು ಬಂದ ಸತ್ಯಗಳು. ತುಳುವಿನಲ್ಲಿ ದೈವಕ್ಕೆ ಸತ್ಯ ಅಂತಲೂ ಹೇಳುತ್ತಾರೆ.

"ಹಾಗಾದ್ರೆ ಹೌದು ಅಂತ ಬರೆಯಲಾ ಅಜ್ಜಿ?"

"ಎಂತದಾದರೂ ಬರಿ. ಒಳಗೆ ದೈವದ ಕೋಣೆ ಉಂಟು. ಸಂಕ್ರಮಣಕ್ಕೆ ದೀಪ ಇಡ್ತೇವೆ. ವರ್ಷಕ್ಕೊಂದು ತಂಬಿಲ. ಅದನ್ನು ಬಿಡ್ಲಿಕ್ಕೆ ಆಗ್ತದಾ?"

ಹೌದು ಅನ್ನುವ ಚೌಕಕ್ಕೆ ರೈಟ್ ಹಾಕಿದೆ. ಇಪ್ಪತ್ತು ವರ್ಷದ ಮೇಲಾಯಿತು. ಆ ರೈಟ್ ತಪ್ಪಲ್ಲ, ಆದರೆ ಅವರು ಹೇಳಿದ್ದು ಅದಲ್ಲ.

ನಮ್ಮ ಮಾತಿನಲ್ಲಿ ನಂಬುವುದಕ್ಕೆ ಎರಡು ದಾರಿ ಉಂಟು. "ನೀನು ಹೇಳಿದ್ದನ್ನು ನಂಬ್ತೇನೆ" ಅನ್ನುವುದು ಒಂದು. ಅಂದರೆ ಆ ಮಾತು ನಿಜ ಅಂತ ಒಪ್ಪಿದೆ. ಇನ್ನೊಂದು, "ಮಳೆ ನಂಬಿ ಬಿತ್ತಿದ್ದೇವೆ", "ಈ ಗದ್ದೆಯನ್ನೇ ನಂಬಿ ಬದುಕಿದವರು", "ನಿನ್ನನ್ನು ನಂಬಿ ಬಂದೆ". ಗದ್ದೆ ನಂಬಿ ಬದುಕಿದವನ ಹತ್ತಿರ ಹೋಗಿ ಗದ್ದೆ ಇದೆ ಅಂತ ನಿನಗೆ ಅನಿಸುತ್ತದಾ ಅಂತ ಯಾರೂ ಕೇಳುವುದಿಲ್ಲ ಅಲ್ವಾ. ಅಜ್ಜಿ ಎರಡನೆಯ ದಾರಿಯಲ್ಲಿದ್ದರು. ಫಾರಂ ಮೊದಲನೆಯ ದಾರಿಯಲ್ಲಿ ಬಂದು ಬಾಗಿಲು ತಟ್ಟಿತ್ತು.

ಇದು ನನ್ನೊಬ್ಬಳ ತಲೆನೋವಲ್ಲ ಅಂತ ಆಮೇಲೆ ಗೊತ್ತಾಯಿತು. ರಾಡ್ನಿ ನೀಡಮ್ ಅಂತ ಒಬ್ಬ ಇಂಗ್ಲಿಷ್ ಮಾನವಶಾಸ್ತ್ರಜ್ಞ ಬೋರ್ನಿಯೋ ಕಾಡಿನ ಪೆನಾನ್ ಜನರ ಜೊತೆ ಇದ್ದು ಬಂದವನು. ಒಂದು ರಾತ್ರಿ ಅವನಿಗೆ ಕನಸು. ಅದರಲ್ಲಿ ಅವನು ಪೆನಾನ್ ಭಾಷೆಯಲ್ಲಿ "ನಾನು ದೇವರನ್ನು ನಂಬುತ್ತೇನೆ" ಅಂತ ಹೇಳಲು ಹೋಗಿ ಮಾತು ಸಿಗದೆ ನಿಂತುಬಿಡುತ್ತಾನೆ. ಎದ್ದ ಮೇಲೂ ಸಿಗಲಿಲ್ಲ. ಆ ಎಡವಟ್ಟಿನಿಂದಲೇ ಶುರುವಾಗುವ ಅವನ ಪುಸ್ತಕ 1972ರಲ್ಲಿ ಬಂತು. ನಂಬಿಕೆ ಅನ್ನುವುದು ಎಲ್ಲ ಮನುಷ್ಯರ ಒಳಗೂ ಒಂದೇ ತರ ಇರುವ ವಸ್ತು ಅಂತ ನಾವು ಸುಮ್ನೆ ಹಿಡಿದುಕೊಂಡಿದ್ದೇವೆ, ಅದಕ್ಕೆ ಆಧಾರ ಎಲ್ಲಿ ಅಂತ ಅವನ ತಕರಾರು. ನೀಡಮ್‌ನನ್ನು ಆ ಅಜ್ಜಿಯ ಜಗಲಿಗೆ ಕರೆದುಕೊಂಡು ಬರಬೇಕಿತ್ತು ಅಂತ ಆಗಾಗ ಅನಿಸುತ್ತದೆ. ಕಡ್ಡಿ ಸೀಳುತ್ತಾ ಕೂರಬಹುದಿತ್ತು.

ಹಾಗಾದರೆ ಆ ಪ್ರಶ್ನೆ ಬಂದದ್ದು ಎಲ್ಲಿಂದ? ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಕೊಂಕಣಿ ಕ್ಯಾಥೊಲಿಕ್ ಗೆಳತಿ ನೆನಪಾಗುತ್ತಾಳೆ. ಪ್ರತಿ ಭಾನುವಾರ ಇಗರ್ಜಿಯಲ್ಲಿ ಅವರೆಲ್ಲ ಎದ್ದು ನಿಂತು "ಹಾಂವ್ ಸತ್ಮಾನ್ತಾಂ" ಅನ್ನುತ್ತಾರೆ. ನಾನು ನಂಬುತ್ತೇನೆ ಅಂತ. ಏನೇನು ನಂಬುತ್ತೇವೆ ಅನ್ನುವುದಕ್ಕೆ ಅಲ್ಲಿ ಸಾಲು ಸಾಲಾಗಿ ಪಟ್ಟಿಯೇ ಉಂಟು. ಅವಳ ಮನೆಯಲ್ಲಿ ಹದಿನಾಲ್ಕನೇ ಪ್ರಶ್ನೆ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ತಲಾಲ್ ಅಸದ್ ಅನ್ನುವ ಮಾನವಶಾಸ್ತ್ರಜ್ಞ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಮತ ಅಂದರೆ ಮೊದಲು ಮನಸ್ಸಿನೊಳಗಿನ ನಂಬಿಕೆ, ಉಳಿದದ್ದೆಲ್ಲ ಆಮೇಲೆ ಅನ್ನುವ ತಿಳುವಳಿಕೆಗೆ ಒಂದು ಊರು ಉಂಟು, ಒಂದು ಚರಿತ್ರೆ ಉಂಟು. ಅದು ಯುರೋಪಿನ ಕ್ರೈಸ್ತರ ಚರಿತ್ರೆ. ನಮ್ಮ ಫಾರಂ ತಯಾರಿಸಿದವರು ಕ್ರೈಸ್ತರೇನಲ್ಲ. ಆದರೆ ಅಚ್ಚು ಅಲ್ಲಿಯದು.

ಹಾಗಂತ ಗೆಳತಿಯ ಮನೆಯೂ ಆ ಪಟ್ಟಿಯೊಳಗೆ ಪೂರ್ತಿ ಹಿಡಿಸುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅವರು ಹೊಸ ಭತ್ತದ ತೆನೆ ಮನೆಗೆ ತರುತ್ತಾರೆ. ಅದರ ಕಾಳು ಊಟಕ್ಕೆ ಸೇರಬೇಕು, ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಅವತ್ತು ಮೀನು ಮಾಂಸ ಇಲ್ಲ. ಈ ತೆನೆ ಆ ಪಟ್ಟಿಯ ಯಾವ ಸಾಲಿನಲ್ಲಿ ಬರುತ್ತದೆ? ಯಾವುದರಲ್ಲೂ ಇಲ್ಲ. ನಮ್ಮ ಮನೆಯ ಹೊಸಅಕ್ಕಿ ಊಟಕ್ಕೂ ಅವಳ ಮೊಂತಿ ಹಬ್ಬಕ್ಕೂ ಇರುವ ನಂಟು ನೋಡಬೇಕಾದರೆ ನಂಬಿಕೆ ಕೇಳಿ ಪ್ರಯೋಜನ ಇಲ್ಲ, ಎಲೆಯ ಮೇಲೆ ಏನು ಬಿತ್ತು ಅಂತ ನೋಡಬೇಕು.

ಆ ಅಚ್ಚು ನಮ್ಮೂರಿಗೆ ಬಂದ ದಾರಿಗಳಲ್ಲಿ ಒಂದು ನಮ್ಮದೇ ಕಡಲ ದಾರಿ. ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಣ್ಣಿಗೆ ಭೂತ ಅಂದರೆ ಸೈತಾನ, ಬಿಡಿಸಬೇಕಾದ ಪೀಡೆ. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ಬರ್ನೆಲ್ ಪಾದ್ರಿಯಲ್ಲ, ದೊಡ್ಡ ಪಂಡಿತ. ಅವನು ಕೂಡಿಸಿದ್ದ ಪಾಡ್ದನಗಳೂ (ದೈವಗಳ ಕತೆ ಹೇಳುವ ತುಳು ಹಾಡುಗಳು) ವಿವರಗಳೂ ಅವನು ತೀರಿಕೊಂಡ ಮೇಲೆ, 1894ರಿಂದ, ಒಂದು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಅದರ ತಲೆಬರಹ ಕನ್ನಡದಲ್ಲಿ ಹೇಳುವುದಾದರೆ "ತುಳುವರ ದೆವ್ವ ಪೂಜೆ". ತಮಾಷೆ ಏನು ಅಂದರೆ, 1886ರಲ್ಲಿ ಪಾಡ್ದನಗಳನ್ನು ಪುಸ್ತಕವಾಗಿ ಅಚ್ಚು ಹಾಕಿದ್ದು ಅದೇ ಮಿಶನ್ನಿನ ಮ್ಯಾನರ್. ಬಿಡಿಸಲು ಬಂದವರು ಬರೆದಿಟ್ಟು ಹೋದರು. ಇವತ್ತು ನಮ್ಮ ಕಾಲೇಜಿನ ಮಕ್ಕಳು ಹಳೆಯ ಪಾಠ ಬೇಕು ಅಂದರೆ ಅದನ್ನೇ ಹುಡುಕುತ್ತಾರೆ. ನನ್ನ ಅಜ್ಜ ಯಾವ ಮುಜುಗರವೂ ಇಲ್ಲದೆ "ಬೂತ" ಅನ್ನುತ್ತಿದ್ದರು. ಈಗ ಹಾಗಂದರೆ ಪಕ್ಕದವರು ತಿದ್ದುತ್ತಾರೆ, ದೈವ ಅನ್ನಿ ಅಂತ. ದೆವ್ವ ಅಂದವರ ಬರಹ ಇನ್ನೂ ಕಿವಿಯಲ್ಲಿ ಕುಟುಕುತ್ತಿದೆ ಅಂತ ನನಗೆ ಕಾಣುತ್ತದೆ.

ಕ್ಲಾಸಿನಲ್ಲಿ ನಮಗೆ ಕಲಿಸಿದ ದೊಡ್ಡ ಹೆಸರುಗಳಲ್ಲಿ ಅರ್ಧಕ್ಕರ್ಧ ಕುರ್ಚಿ ಬಿಟ್ಟು ಏಳದವರು. ಮತ ಅಂದರೆ ಕನಿಷ್ಠ ಇಷ್ಟು, ಆತ್ಮಗಳಂಥ ಜೀವಗಳಲ್ಲಿ ನಂಬಿಕೆ ಅಂತ 1871ರಲ್ಲಿ ಗೆರೆ ಹಾಕಿದ ಟೈಲರ್. ಲೋಕದ ಪೂಜೆ ಪುನಸ್ಕಾರಗಳನ್ನೆಲ್ಲ ಓದಿಯೇ ಸಂಪುಟಗಟ್ಟಲೆ ಬರೆದ ಫ್ರೇಜರ್. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ 1912ರಲ್ಲಿ ಅಷ್ಟು ದಪ್ಪ ಪುಸ್ತಕ ಬರೆದ ಡರ್ಕ್‌ಹೈಮ್ ಆಸ್ಟ್ರೇಲಿಯಾ ನೋಡಿದವನಲ್ಲ. ಹಿಂದೂ ಧರ್ಮದ ಬಗ್ಗೆ ಬರೆದ ಮ್ಯಾಕ್ಸ್ ವೆಬರ್ ಇಲ್ಲಿಗೆ ಬಂದವನಲ್ಲ. ವೆಬರ್ ಮೇಲೆ ನನಗೆ ಸಿಟ್ಟಿಲ್ಲ. ಸಂಗೀತದ ಕಿವಿ ಇಲ್ಲದವರು ಇರುತ್ತಾರಲ್ಲ, ಮತದ ವಿಷಯದಲ್ಲಿ ನಾನು ಹಾಗೆ ಅಂತ 1909ರ ಒಂದು ಕಾಗದದಲ್ಲಿ ತಾನೇ ಬರೆದುಕೊಂಡಿದ್ದ. ಅಷ್ಟು ಪ್ರಾಮಾಣಿಕತೆ ಸಾಕು.

ನಮ್ಮ ಮೇಷ್ಟ್ರು ಒಬ್ಬರು ಹೇಳುತ್ತಿದ್ದರು, ದೈವ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಹೋಗಿ, ನಮ್ಮ ಶಾಸ್ತ್ರಕ್ಕೆ ಅದು ಬೇಡ ಅಂತ. ಒಳ್ಳೆಯ ಮಾತೇ. ಆದರೆ ಜಾತ್ರೆಯಲ್ಲಿ ಹೊರಗೆ ಬಿಟ್ಟ ಚಪ್ಪಲಿ ವಾಪಸು ಬರುವಾಗ ಅಲ್ಲೇ ಇರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಸರ್ವೆ ಕೆಲಸ ಮುಗಿದ ಮೇಲೆ ನಾನು ಮಲ್ಪೆಯಲ್ಲಿ ಒಬ್ಬ ಬೋಟ್ ಮಾಲೀಕರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅದೇ ಕೆಲಸ. ಡೀಸೆಲ್, ಐಸ್, ಬಲೆ ರಿಪೇರಿ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು, ಬೋಟು ನಡೆಸುವ ತಂಡೇಲನ ಪಾಲು. ಆ ಪುಸ್ತಕದಲ್ಲಿ "ಪೂಜೆ ಖರ್ಚು" ಅಂತ ಒಂದು ಸಾಲು ಉಂಟು. ಓದಿದ್ದು ನಿಜವಾಗಿ ನೆನಪಾದದ್ದು ಆ ಸಾಲು ಬರೆಯುವಾಗ.

ಮೊದಲ ಮಹಾಯುದ್ಧದ ಹೊತ್ತಿಗೆ ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ಪೆಸಿಫಿಕ್ ಸಮುದ್ರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದ. ಕುರ್ಚಿ ಬಿಟ್ಟು ಎದ್ದವನು. ಅಲ್ಲಿನ ಜನರ ಹತ್ತಿರ ಡೇರೆ ಹಾಕಿ, ಭಾಷೆ ಕಲಿತು, ವರ್ಷಗಟ್ಟಲೆ ಕೂತ. ಅವನು ಗಮನಿಸಿದ್ದು ಇಷ್ಟು. ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅವರು ಯಾವ ಮಂತ್ರ ತಂತ್ರವನ್ನೂ ಮಾಡುವುದಿಲ್ಲ. ಅಲ್ಲಿ ಅಪಾಯ ಇಲ್ಲ, ಮೀನು ಗ್ಯಾರಂಟಿ. ಹೊರಗಿನ ಕಡಲಿಗೆ ಹೋಗುವಾಗ ಮಾತ್ರ ಬೇಕಾದಷ್ಟು ವಿಧಿ. ಕೈಗೆ ಸಿಗದ ಅಪಾಯ ಎಲ್ಲಿ ಉಂಟೋ ಅಲ್ಲಿ ಮಂತ್ರ ಅಂದ.

ಮಲ್ಪೆಯಲ್ಲಿ ಕೂತು ನೋಡಿದರೆ ಇದು ಸರಿ ಅನಿಸುತ್ತದೆ. ನಮ್ಮ ಓಣಿಯ ಹೆಂಗಸರು ಹೊಳೆಗೆ ಮರುವಾಯಿ ಚಿಪ್ಪು ಹೆಕ್ಕಲು ಇಳಿಯುವಾಗ ಕಾಯಿ ಒಡೆದದ್ದು ನಾನು ನೋಡಿಲ್ಲ. ಕಡಲಿನ ಕತೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ನೂಲ ಹುಣ್ಣಿಮೆಗೆ ಸಮುದ್ರ ಪೂಜೆ. ಹಾಲು, ಕಾಯಿ, ಹೂವು ಎಲ್ಲ ಕಡಲಿಗೆ. ಕಡಲಿನವರ ದೈವ ಬೊಬ್ಬರ್ಯನಿಗೂ ಹೇಳಿಕೊಳ್ಳದೆ ಇಳಿಯುವವರು ಕಡಿಮೆ.

ಆದರೆ ಲೆಕ್ಕ ಪುಸ್ತಕ ಮಲಿನೋವ್‌ಸ್ಕಿಗೆ ಪೂರ್ತಿ ಒಪ್ಪುವುದಿಲ್ಲ. ನಾನು ಸೇರಿದ ಮೇಲೆ ಬೋಟಿಗೆ ಜಿಪಿಎಸ್ ಬಂತು, ಮೀನು ತೋರಿಸುವ ಯಂತ್ರ ಬಂತು, ಹವಾಮಾನದ ಸುದ್ದಿ ಮೊಬೈಲಿಗೆ ಬಂತು, ವಿಮೆ ಬಂತು. ಅಪಾಯ ಕಡಿಮೆಯಾದ ಹಾಗೆ ಪೂಜೆ ಖರ್ಚು ಇಳಿಯಬೇಕಿತ್ತು. ಇಳಿಯಲಿಲ್ಲ, ಏರಿತು. ಒಮ್ಮೆ ಧಣಿಗಳನ್ನು ಕೇಳಿದೆ. "ಕಡಿಮೆ ಮಾಡಿದರೆ ಕಲಾಸಿಗಳು ಏನು ಹೇಳಿಯಾರು?" ಅಂದರು. ಪೂಜೆಯ ದಿನ ಎಲ್ಲರಿಗೂ ಊಟ, ಹೊಸ ಬಟ್ಟೆ. ಹೋದ ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು, ಈ ವರ್ಷ ಯಾರು ಯಾವ ಬೋಟು ಅಂತ ಅಲ್ಲಿಯೇ ಮಾತಾಗಬೇಕು. ಅಂದರೆ ಪೂಜೆ ಕಡಲಿಗೆ ಎಷ್ಟೋ ದಡಕ್ಕೂ ಅಷ್ಟೇ. ಡರ್ಕ್‌ಹೈಮ್ ಆಸ್ಟ್ರೇಲಿಯಾಕ್ಕೆ ಹೋಗದೆ ಇದನ್ನು ಹಿಡಿದಿದ್ದ ನೋಡಿ. ಜನ ಒಟ್ಟು ಸೇರಿದಾಗ ಉಕ್ಕುವ ಒಂದು ಕಾವು ಉಂಟು, ಅದರಲ್ಲಿ ಅವರು ತಾವು ಒಂದು ಗುಂಪು ಅಂತ ಕಾಣುತ್ತಾರೆ, ಮತದ ಬೇರು ಅಲ್ಲಿದೆ ಅಂತ.

ನೇಮದ ರಾತ್ರಿ, ಅಂದರೆ ದೈವ ಮೈಮೇಲೆ ಬಂದು ಕುಣಿದು ಮಾತಾಡುವ ರಾತ್ರಿ, ಆ ಕಾವು ನನ್ನ ಮೈಗೂ ತಾಗಿದೆ. ಹಾಗಂತ ಅದರ ಬಗ್ಗೆ ಬರೆಯುವವರೆಲ್ಲ ಅಲ್ಲೇ ನಿಂತುಬಿಡುತ್ತಾರೆ, ಪಂಜಿನ ಬೆಳಕು, ವಾದ್ಯದ ಅಬ್ಬರ, ರೋಮಾಂಚನ. ನನಗೆ ಅದಕ್ಕಿಂತ ಮೊದಲಿನ ಹೊತ್ತು ಇಷ್ಟ. ದೈವದ ಆಯುಧ, ಒಡವೆಗಳ ಭಂಡಾರ ಬಂದಾಗಿದೆ. ದೈವ ಕಟ್ಟುವವರು ಎಣ್ಣೆಬೂಳ್ಯ, ಅಂದರೆ ಎಣ್ಣೆ ವೀಳ್ಯ, ತೆಗೆದುಕೊಂಡು ಬದಿಯಲ್ಲಿ ಕೂತು ಮುಖಕ್ಕೆ ಹಳದಿ ಅರದಾಳ ಹಚ್ಚಿಕೊಳ್ಳುತ್ತಿದ್ದಾರೆ. ಅವರ ಮನೆಯ ಹೆಂಗಸೊಬ್ಬರು ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಿದ್ದಾರೆ. ತೆಂಗಿನ ಎಳೆಗರಿಯ ಸಿರಿ ಹೆಣೆಯುವ ಕೈಗಳು ಬೇರೆ. ಯಾರೋ ಚಹಾ ತಂದುಕೊಡುತ್ತಾರೆ. ಈ ಹೊತ್ತಿನಲ್ಲಿ ಚಾಪೆ ಯಾರಿಗೆ, ಕುರ್ಚಿ ಯಾರಿಗೆ, ಚಹಾ ಯಾವ ಲೋಟದಲ್ಲಿ ಯಾರಿಗೆ ಅಂತ ನೋಡುತ್ತಾ ಹೋದರೆ ಊರು ಪೂರ್ತಿ ಕಾಣುತ್ತದೆ.

ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಪರಿಶಿಷ್ಟ ಜಾತಿಯವರು. ಕಾಲಿಗೆ ಗಗ್ಗರ ಕಟ್ಟಿ ಬೆನ್ನಿಗೆ ಅಣಿ ಏರಿದ ಮೇಲೆ ಅದೇ ಮನುಷ್ಯನ ಮುಂದೆ ಗುತ್ತಿನ, ಅಂದರೆ ಊರಿನ ದೊಡ್ಡ ಮನೆಯ, ಯಜಮಾನರು ಕೈಮುಗಿದು ನಿಲ್ಲಬೇಕು. ದೈವ ಗದರಿಸುತ್ತದೆ, ಲೆಕ್ಕ ಕೇಳುತ್ತದೆ, ಅಣ್ಣತಮ್ಮಂದಿರ ಜಗಳಕ್ಕೆ ತೀರ್ಪು ಕೊಡುತ್ತದೆ. ಬೆಳಗಾದ ಮೇಲೆ ಅರದಾಳ ಒರೆಸಿಕೊಂಡು ಅವರು ಬದಿಗೆ ಹೋಗಿ ಕೂರುತ್ತಾರೆ. ಕೆಲವು ಕಡೆ ಊಟವೂ ಬೇರೆ.

ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ ಆಫ್ರಿಕಾದ ಜುಲು, ಸ್ವಾಜಿ ಜನರ ವಿಧಿಗಳ ಬಗ್ಗೆ 1954ರಲ್ಲಿ ಬರೆದದ್ದು ಇಂಥದ್ದನ್ನೇ. ಒಂದು ದಿನದ ಮಟ್ಟಿಗೆ ಮೇಲಿನವರನ್ನು ಬೈಯಲು ಅನುಮತಿ ಇರುತ್ತದೆ. ಆ ಅನುಮತಿಯಿಂದಲೇ ಉಳಿದ ದಿನಗಳ ಕಟ್ಟು ಗಟ್ಟಿಯಾಗುತ್ತದೆ ಅಂತ. ಓದಿದಾಗ ನನಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಇಷ್ಟು ವರ್ಷ ಮೈ ಜುಮ್ಮೆಂದದ್ದು ಇದಕ್ಕಾ ಅಂತ. ಈಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಗ್ಲಕ್‌ಮನ್ ನೋಡಿದ್ದು ಬೆಳಗಿನ ಲೆಕ್ಕ. ಪಾಡ್ದನದ ಲೆಕ್ಕ ಬೇರೆ. ಕಾರ್ಕಳದ ಗೊಮ್ಮಟ ಕಡೆದ ಶಿಲ್ಪಿ ಕಲ್ಕುಡ ಇನ್ನೆಲ್ಲೂ ಅಂಥದ್ದು ಕಡೆಯಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿ ಅಣ್ಣನ ಜೊತೆ ಸೇರಿ, ದೈವವಾಗಿ, ಸೇಡು ತೀರಿಸಿಕೊಂಡಳು. ಗೊಮ್ಮಟ ನಿಂತದ್ದು 1432ರಲ್ಲಿ. ಅರಸರ ಮನೆತನ ಹೋಯಿತು. ಕೈ ಕಡಿದದ್ದನ್ನು ಇವತ್ತಿಗೂ ಪ್ರತಿ ವರ್ಷ, ಊರಿನವರೆಲ್ಲರ ಎದುರು, ಗಟ್ಟಿಯಾಗಿ ಹೇಳುತ್ತಾರೆ. ಕಟ್ಟು ಗಟ್ಟಿಯಾಗುವುದಕ್ಕಷ್ಟೇ ಆದರೆ ಇದನ್ನು ಇಷ್ಟು ನೆನಪಿಡಬೇಕಾಗಿರಲಿಲ್ಲ. ಆದರೆ ಇದನ್ನು ಸಮಾಧಾನಕ್ಕೆ ಹೇಳಿಕೊಳ್ಳಬಾರದು ಅಂತಲೂ ಗೊತ್ತು. ಬೇರೆ ಊಟದ ಎಲೆ ಇನ್ನೂ ಬೇರೆಯೇ.

ಜನಗಣತಿಯಲ್ಲಿ ಹದಿನಾಲ್ಕನೇ ಪ್ರಶ್ನೆಯ ದೊಡ್ಡಣ್ಣ ಉಂಟು, ಧರ್ಮದ ಕಾಲಂ. 2011ರ ಲೆಕ್ಕದಲ್ಲಿ ದಕ್ಷಿಣ ಕನ್ನಡ ಅಂದರೆ ನೂರಕ್ಕೆ ಸುಮಾರು 67 ಹಿಂದೂ, 24 ಮುಸ್ಲಿಂ, 8 ಕ್ರೈಸ್ತ. ಲೆಕ್ಕ ಬರೆಯುವವಳಾಗಿ ನನಗೆ ಅಂಕಿಗಳ ಮೇಲೆ ಗೌರವ ಉಂಟು. ಆದರೆ ಪಾಡ್ದನದ ಬೊಬ್ಬರ್ಯ ಮುಸ್ಲಿಂ ವ್ಯಾಪಾರಿಯ ಮಗ. ಅವನನ್ನು ಆರಾಧಿಸುವವರು ಮೀನುಗಾರ ಮೊಗವೀರರು. ಮುಲ್ಕಿಯ ಬಪ್ಪನಾಡು ದೇವಸ್ಥಾನ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅನ್ನುವುದು ಊರಿನ ಕತೆ, ಹೆಸರಿನಲ್ಲೇ ಅವನಿದ್ದಾನೆ. ಇವರನ್ನು ಯಾವ ಕಾಲಂಗೆ ಹಾಕುವುದು? ಹಿಂದೆ ಇದು ಸುಮ್ನೆ ಮಜವಾದ ಪ್ರಶ್ನೆಯಾಗಿತ್ತು. ಈಗಿನ ಕರಾವಳಿಯಲ್ಲಿ ಕಾಲಂ ನೋಡಿಯೇ ಅಂಗಡಿ ಆರಿಸುವ ಜನ ಇದ್ದಾರೆ. ಹಾಗಾಗಿ ಮಜ ಕಡಿಮೆಯಾಗಿದೆ.

ನಮ್ಮವರೇ ಆದ ಎಂ. ಎನ್. ಶ್ರೀನಿವಾಸರ ಹೆಸರು ಹೇಳದೆ ಇದನ್ನು ಬರೆಯಲಾಗದು. ಮೈಸೂರಿನವರು, 1952ರಲ್ಲಿ ಕೊಡವರ ಮತದ ಬಗ್ಗೆ ಪುಸ್ತಕ ತಂದವರು. ಮಾನವಶಾಸ್ತ್ರಜ್ಞನಿಗೆ ಮೂರು ಹುಟ್ಟು ಅನ್ನುತ್ತಿದ್ದರಂತೆ. ಮನೆಯಲ್ಲಿ ಹುಟ್ಟುವುದು ಒಂದು, ಬೇರೆ ಜನರ ನಡುವೆ ಹೋಗಿ ಹುಟ್ಟುವುದು ಇನ್ನೊಂದು, ವಾಪಸು ಬಂದು ತನ್ನವರನ್ನು ಹೊಸದಾಗಿ ನೋಡುವುದು ಮೂರನೆಯದು. ದ್ವಿಜರ ನಾಡಿನಲ್ಲಿ ಇದು ಒಳ್ಳೆ ಚೇಷ್ಟೆ. 1970ರಲ್ಲಿ ಅಮೆರಿಕದಲ್ಲಿ ಅವರ ಆಫೀಸಿಗೆ ಬೆಂಕಿ ಬಿದ್ದು, ಮೈಸೂರು ಕಡೆಯ ಒಂದು ಹಳ್ಳಿಯ ಬಗ್ಗೆ ಕೂಡಿಸಿದ್ದ ಟಿಪ್ಪಣಿಗಳ ಮೇಲೆ ಮಾಡಿದ ಕೆಲಸವೆಲ್ಲ ಸುಟ್ಟುಹೋಯಿತು. ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು. ನನ್ನ ಫಾರಂಗಳು ಹೋದದ್ದು ಬೆಂಕಿಗಲ್ಲ, ಯಾವುದೋ ಕಂಪ್ಯೂಟರಿಗೆ.

ಅಜ್ಜಿಯ ಜಗಲಿಯಲ್ಲಿ ನಾನೊಬ್ಬಳೇ ಪ್ರಶ್ನೆ ಕೇಳಿದ್ದಲ್ಲ ಅನ್ನುವುದನ್ನು ಹೇಳಲು ಮರೆತೆ. ನನ್ನ 32 ಮುಗಿದ ಮೇಲೆ ಅವರು ಮೂರು ಕೇಳಿದರು. "ಮನೆ ಎಲ್ಲಿ? ಬರಿ ಯಾವುದು? ಕುಟುಂಬದ ದೈವ ಯಾವುದು?" ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಬಳಿ. ಮೊದಲನೆಯದಕ್ಕೆ ಉತ್ತರ ಹೇಳಿದೆ. ಉಳಿದ ಎರಡಕ್ಕೆ ಹಲ್ಲು ಕಿರಿದೆ. ಅಪ್ಪನ ಕೆಲಸ ಘಟ್ಟದ ಮೇಲೆ ಇದ್ದುದರಿಂದ ನಾನು ಬೆಳೆದದ್ದೇ ಅಲ್ಲಿ, ಇಲ್ಲಿಗೆ ಬಂದದ್ದು ಹೈಸ್ಕೂಲಿಗೆ. "ಅಮ್ಮನನ್ನು ಕೇಳು" ಅಂದರು ಅಜ್ಜಿ, ಮಗ್ಗಿ ಬಾರದ ಮಗುವಿಗೆ ಹೇಳುವ ಹಾಗೆ.

ರಾತ್ರಿ ಅಮ್ಮನನ್ನು ಕೇಳಿದೆ. ಬರಿ ಹೇಳಿದರು. ದೈವ ಪಂಜುರ್ಲಿ ಅಂದರು. "ಮೂಲ ಮನೆಯಲ್ಲಿ ಪಾಲಿನ ತಕರಾರು ಆಯ್ತಲ್ಲ, ಆಮೇಲೆ ಹೋಗಿ ಬರುವುದು ನಿಂತಿತು" ಅಂದರು. ನಂಬುವುದು ನಿಂತಿತು ಅನ್ನಲಿಲ್ಲ.

ಎರಡು ವಾರ ಕಳೆದು ಆ ಮನೆಗೆ ಮತ್ತೆ ಹೋಗಬೇಕಾಯಿತು. 27ನೇ ಪ್ರಶ್ನೆ ಖಾಲಿ ಉಂಟು ಅಂತ ಆಫೀಸಿನವರು ಫಾರಂ ವಾಪಸು ಕೊಟ್ಟಿದ್ದರು. ಮನೆಯ ಒಟ್ಟು ಆದಾಯ. ಮೊದಲ ಸಲ ಕೇಳಿದಾಗ ಅಜ್ಜಿ "ಎಂತ ಆದಾಯ, ಎಲ್ಲ ಹೀಗೇ" ಅಂತ ತೇಲಿಸಿದ್ದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ "ಕೇಳಿದೆಯಾ?" ಅಂದರು. ಬರಿ ಹೇಳಿದೆ. ಅವರ ಕೈ ನಿಂತಿತು. ಅವರದೂ ಅದೇ ಬರಿ.

"ಹಾಗಾದರೆ ನಿನ್ನ ಅಮ್ಮ ನನಗೆ ತಂಗಿ ಆಗಬೇಕು" ಅಂದರು. "ಜಗಲಿಯಲ್ಲಿ ಎಂತ ಕೂತದ್ದು, ಒಳಗೆ ಬಾ."

ಅಡುಗೆಮನೆಯಲ್ಲಿ ಮಣೆ ಹಾಕಿದರು. ನೀರುದೋಸೆ ಹೊಯ್ಯುತ್ತಾ ಅವರಾಗಿಯೇ ಹೇಳಲು ಶುರು ಮಾಡಿದರು. ಗದ್ದೆ ಗೇಣಿ ಎಷ್ಟು, ತೆಂಗಿನಕಾಯಿಯಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು. ಮುಂಬಯಿಯ ಮಗ ಎರಡು ವರ್ಷದಿಂದ ಒಂದು ರೂಪಾಯಿ ಕಳಿಸಿಲ್ಲ. ಬಳೆ ಅಡವು ಇಟ್ಟು ಈ ವರ್ಷದ ತಂಬಿಲ ಮಾಡಿದ್ದು. ಮಗಳಿಗೂ ಹೇಳಿಲ್ಲ. ನನ್ನ ಬ್ಯಾಗಿನಲ್ಲಿ ಫಾರಂ ಇತ್ತು, ಪೆನ್ನು ಇತ್ತು. ಇನ್ನೊಂದು ದೋಸೆ ಹಾಕಿದರು. ತಿಂದೆ.

27ನೇ ಪ್ರಶ್ನೆ ಖಾಲಿಯೇ ಹೋಯಿತು. ಆ ಒಂದು ಫಾರಂನ ದುಡ್ಡು ನನಗೆ ಬರಲಿಲ್ಲ.